ಹೊಳೆಯ ನಡುವೆ ಉಳಿದ ಅರಬ್ ರಾಜಕುಮಾರ

ಇತಿಹಾಸವನ್ನು ನಾನು ಕೈಕೆಲಸ ಮಾಡುತ್ತಲೇ ಕೇಳಿದವಳು. ದಮಾಸ್ಕಸ್ಸಿನಿಂದ ಆಳಿದ ಉಮಯ್ಯಾ ವಂಶದ ಅರಸರಲ್ಲಿ ಅರ್ಧ ಜನ ಪಟ್ಟಕ್ಕೆ ಬಂದದ್ದು ನಾನು ಶೇಂಗಾ ಸುಲಿಯುವಾಗ, ಉಳಿದರ್ಧ ಮೆಂತ್ಯದ ಸೊಪ್ಪು ಬಿಡಿಸುವಾಗ. ಆ ಮಂಗಳವಾರ ಮಧ್ಯಾಹ್ನವೂ ಸೊಪ್ಪಿನ ಮುಂದೆ ಕುಳಿತಿದ್ದೆ. ನಮ್ಮನೆಯವರು ಮಂಚದ ಮೇಲೆ ಕುಳಿತು ಉರ್ದು ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು. ವಂಶವೆಲ್ಲ ವೈರಿಗಳ ಕತ್ತಿಗೆ ಸಿಕ್ಕಿ, ತಪ್ಪಿಸಿಕೊಂಡ ಒಬ್ಬ ರಾಜಕುಮಾರ ಹೊಳೆಗೆ ಹಾರಿದ್ದ. ನಾಲ್ಕು ದಿನದಿಂದ ಈಜುತ್ತಲೇ ಇದ್ದ.

“ಇವತ್ತರ ಅವನ್ನ ದಂಡಿಗೆ ಹತ್ತಸ್ರಿ,” ಎಂದೆ.

“ಹೊಳಿ ಅಂದ್ರ ನಿಮ್ಮಪ್ಪನ ಹೊಲದ ಕಾಲಿವಿ ಏನು? ನಮ್ಮ ಕೃಷ್ಣಾದಷ್ಟು ಅಗಲ ಐತಿ. ನಾಳಿ ಹತ್ತಸ್ತೀನಿ ತಗೋ,” ಎಂದು ಪುಟದ ನಡುವೆ ಬಸ್ಸಿನ ಟಿಕೀಟು ಇಟ್ಟು ಪುಸ್ತಕ ಮುಚ್ಚಿದರು.

ಮರುದಿನ ಬೆಳಿಗ್ಗೆ ಹಾಲು ತಂದು ಅಡುಗೆಕಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕುಳಿತರು. ನಾನು ಚಹಾ ತರುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ಆ ಪುಸ್ತಕಗಳ ವಿಷಯ ಹೇಳಬೇಕು. ಎರಡು ದಪ್ಪ ಸಂಪುಟ, ನಿಜಾಮರ ಕಾಲದಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದವು. ಗದ್ವಾಲದಲ್ಲಿ ಒಂದು ಹಳೆಯ ವಾಡೆ ಕೆಡವುವಾಗ ಸಿಕ್ಕವು. ಗದ್ವಾಲಕ್ಕೆ ಹೋದ ಗಂಡ ಸೀರೆ ತರುತ್ತಾನೆಂದು ನಾನು ಬಾಗಿಲಲ್ಲಿ ನಿಂತಿದ್ದರೆ, ಇವರು ಗೋಣಿಚೀಲದಲ್ಲಿ ಅರಬರನ್ನು ಹೊತ್ತು ತಂದರು. ಇಂಥವು ಈಗ ದೊಡ್ಡ ಗ್ರಂಥಾಲಯಗಳಲ್ಲೂ ಸಿಗುವುದಿಲ್ಲವಂತೆ. ಕಾಗದ ಹುರಿದ ಹಪ್ಪಳದ ಹಾಗಿತ್ತು, ಜೋರಾಗಿ ಸೀನಿದರೂ ಒಂದು ಪರಗಣೆ ಉದುರುತ್ತಿತ್ತು.

ನಾರಾಯಣಪೇಟೆಯಲ್ಲಿ ಇವರ ಕೆಲಸವೇ ಹಳೆಯ ಉರ್ದು ಕಾಗದ ಓದಿ ಹೇಳುವುದು. ಧನ್ವಾಡ, ಉಟ್ಕೂರಿನ ರೈತರು ತಾತನ ಕಾಲದ ಹೊಲದ ದಸ್ತಾವೇಜನ್ನು ಪಂಚೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಇವರು ಮೇರೆ ಓದುವಾಗ ಯಾರ ಬದುವಿನ ಬೇವಿನ ಮರವನ್ನೂ ಒಂದು ಗೇಣು ಆಚೀಚೆ ಸರಿಸಿದವರಲ್ಲ. ಅಂಥವರು ಓದಿದ ಇತಿಹಾಸದ ಮೇಲೆ ನನಗೆ ಅನುಮಾನ ಯಾಕೆ ಬರಬೇಕು? ರೊಟ್ಟಿ ದಪ್ಪಗಾಯಿತೆಂದು ಖಲೀಫನ ಹೆಂಡತಿ ಸೊಸೆಯನ್ನು ಬೈದಳೆಂದು ಇವರು ಓದಿದರೆ, ಅವಳು ಬೈದಿರಲೇಬೇಕು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ನನಗೆ ಉಳಿದದ್ದು ಒಂದೇ ಚಿಂತೆ. ಆ ಹುಡುಗ ಇನ್ನೂ ನೀರಿನಲ್ಲೇ ಇದ್ದಾನೆ. ಧೂಳು ಒರೆಸಲು ಹೋಗಿ ಟಿಕೀಟನ್ನೂ ಬೀಳಿಸಿಬಿಟ್ಟಿದ್ದೆ. ಎಲ್ಲಿಗೆ ನಿಲ್ಲಿಸಿದ್ದರೋ, ನನಗೆ ಆ ಅಕ್ಷರ ಎಲ್ಲವೂ ಒಂದೇ. ಕೊನೆಗೆ ಎರಡನೆಯ ಸಂಪುಟವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಕ್ತಲದ ಬಸ್ಸು ಹತ್ತಿದೆ. ಅಲ್ಲಿ ಇವರ ಸ್ನೇಹಿತರಾದ ಖಲೀಲ್ ಮಾಸ್ತರರಿದ್ದಾರೆ. ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದವರು.

ಮಾಸ್ತರರು ಪುಸ್ತಕ ಬಿಚ್ಚಿ, ತಿರುವಿ ನೋಡಿ, “ಅಮ್ಮಾ, ಈ ಇಬತ್ತಿ, ಕುಂಕುಮ ಯಾರು ಹಚ್ಚ್ಯಾರ್ರಿ?” ಎಂದರು.

“ನಾನಾ ರೀ. ದಸರಾ ಪೂಜಿಗೆ. ಮೂವತ್ತು ವರ್ಷಾತು.”

“ಉರ್ದು ಕಿತಾಬು ಈ ಬಲಗಡಿಂದ ಶುರು ಆಗ್ತೈತ್ರಿ. ನೀವು ಮೂವತ್ತು ವರ್ಷ ಅದರ ಬೆನ್ನಿಗೆ ಪೂಜಿ ಮಾಡೀರಿ.”

ಪ್ರತಿ ಸಲ ಪಕ್ಕದಲ್ಲಿ ನಿಂತು ಕಾಯಿ ಒಡೆಯುತ್ತಿದ್ದವರು ಇವರೇ. ಒಂದು ಮಾತೂ ಹೇಳಲಿಲ್ಲ. ಜಗಳ ಆಡೋಣವೆಂದರೆ ಎದುರಿಗೆ ಮಾಸ್ತರರಷ್ಟೇ ಇದ್ದರು.

ಹೊಳೆ ಹುಡುಕಲು ಅವರಿಗೆ ಹತ್ತು ನಿಮಿಷ ಸಾಕಾಯಿತು. “ರಾಜಕುಮಾರ ಈಜಿ ಹೊಳಿ ದಾಟಿದ. ಮುಂದ ಪಶ್ಚಿಮದ ಕಡಿ ಹೋದ,” ಎಂದು ಓದಿ ಪುಟ ತಿರುವಿದರು.

“ನಿಂದರ್ರಿ. ಕಾಲಿಗೆ ಜೊಂಡು ಸುತ್ತಿದ್ದು?”

“ಇಲ್ಲಮ್ಮಾ.”

“ದಂಡಿ ಮ್ಯಾಲಿನ ಮುದುಕಿ ಬೈದಿದ್ದು? ಅವನ ಸೊಂಟದಾಗಿನ ರೊಟ್ಟಿ ಗಂಟು ತೊಯ್ದಿದ್ದು?”

ಮಾಸ್ತರರು ಕನ್ನಡಕ ತೆಗೆದರು. “ಹೊಳಿ ಇರೋದೇ ಒಂದೂವರಿ ಸಾಲ್ರಿ.”

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಒಂದೂವರಿ ಸಾಲನ್ನ ನಾಲ್ಕು ದಿನ ಹೇಳ್ಯಾರ? ನಮ್ಮವರು ಲಗ್ನ ಆದಾಗಿಂದ ಒಂದು ಮಾತು ಹೆಚ್ಚಿಗಿ ಆಡಿಲ್ಲ ನೋಡ್ರಿ,” ಎಂದು ಕಪ್ಪು ನನ್ನ ಕೈಗಿಟ್ಟರು.

ಆಮೇಲೆ ವಾರಕ್ಕೊಮ್ಮೆ ಮಕ್ತಲಕ್ಕೆ ಹೋಗಿ ಪುಸ್ತಕ ಪೂರ್ತಿ ಓದಿಸಿಕೊಂಡೆ. ಹೋಗುವುದು ನನಗೂ ಹಿತವಾಗಿತ್ತು. ಆಕೆ ನನಗೆಂದೇ ಚಹಾಕ್ಕೆ ಶುಂಠಿ ಹಾಕುತ್ತಿದ್ದರು. ಸ್ವಲ್ಪ ಸೇರಿಸಿ ಹೇಳಿರೆಂದು ಒಮ್ಮೆ ಮಾಸ್ತರರನ್ನು ಕೇಳಿಕೊಂಡೆ. ಬಹಳ ಹೊತ್ತು ಯೋಚಿಸಿ, “ರಾಜಕುಮಾರ ಚಾ ಕುಡಿದ,” ಎಂದರು. ಮರುಕ್ಷಣವೇ, “ಇಲ್ರಿ, ಆವಾಗ ಅಲ್ಲಿ ಚಾ ಇರಲಿಲ್ಲ,” ಎಂದು ಅದನ್ನೂ ಕಸಿದುಕೊಂಡರು.

ಮನೆಗೆ ಬಂದು ನಾನೇ ಹೇಳಿ ನೋಡಿದೆ. ಇಷ್ಟು ವರ್ಷ ಕೇಳಿದವಳಿಗೆ ಅಷ್ಟು ಬಾರದೇ ಇರುತ್ತದೆಯೇ ಎಂಬ ಜಂಬ. ಸೊಪ್ಪಿನ ಮುಂದೆ ಕುಳಿತು ರಾಜಕುಮಾರನನ್ನು ನೀರಿಗಿಳಿಸಿದೆ. ಒಂದು ಕಂತೆ ಬಿಡಿಸಿ ಮುಗಿಯುವ ಮೊದಲೇ ಅವನು ದಂಡೆ ಹತ್ತಿ ಮೈ ಒರೆಸಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿ ಹೊಳೆ ಒಂದೂವರೆ ಸಾಲಿಗಿಂತ ಅಗಲವಾಗಲೇ ಇಲ್ಲ.

ಅವನು ಬದುಕಿದ್ದು, ದೂರದ ಸ್ಪೇನಿನಲ್ಲಿ ರಾಜ್ಯ ಕಟ್ಟಿದ್ದು, ಆಳಿ ಸತ್ತದ್ದು ಎಲ್ಲ ಈಗ ನನಗೆ ಗೊತ್ತು. ಬುಧವಾರ ಮಧ್ಯಾಹ್ನ ನಮ್ಮನೆಯವರು ಅವನನ್ನು ಹೇಗೆ ದಂಡೆಗೆ ಹತ್ತಿಸುತ್ತಿದ್ದರು ಎಂಬುದು ಗೊತ್ತಿಲ್ಲ.