ನೂರಾ ನಲವತ್ತು ಸೆಂಟಿಮೀಟರಿನ ಒಳಗೆ

ನಮ್ಮ ಭಾವ ರೋಲರ್ ಕೋಸ್ಟರ್ ಹತ್ತಿದ್ದನ್ನು ನಾನು ಮೊದಲ ಸಲ ಕಂಡದ್ದು ಸಂಭಾಜಿನಗರದ ಒಂದು ಎರಡಂತಸ್ತಿನ ಮನೆಯ ಟೆರೇಸಿನ ಮೇಲೆ. ನಾನು ನೀರಿನ ಟ್ಯಾಂಕಿನ ಬಲಕ್ಕೆ ನಿಂತಿದ್ದೆ. ಸಂಜೆ ಐದೂ ನಲವತ್ತು. ಲಾಕ್‌ಡೌನ್ ಶುರುವಾಗಿ ಹನ್ನೊಂದನೆಯ ದಿನ. ಊರಿನ ಬೋರ್ಡುಗಳ ಮೇಲೆ ಆಗ ಇನ್ನೂ ಹಳೆಯ ಹೆಸರಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಟೆರೇಸಿನ ಮೇಲೆ ರೋಲರ್ ಕೋಸ್ಟರ್ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಕೇಳದಿದ್ದರೆ ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರೆ ಎಂದರ್ಥ! ನಾನು ಕಂಡದ್ದು ಇಷ್ಟು. ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಭಾವ. ಅವರ ಎದೆಯನ್ನು ಕುರ್ಚಿಯ ಬೆನ್ನಿಗೆ ಸೇರಿಸಿ ಅಕ್ಕನ ದುಪಟ್ಟಾದಿಂದ ಎರಡು ಸುತ್ತು ಬಿಗಿದಿತ್ತು. ಕುರ್ಚಿಯ ಹಿಂದೆ ಮನೆಯ ಮಾಲೀಕರು. ಅರವತ್ತು ದಾಟಿದ, ಹರೆಯದಲ್ಲಿ ಕುಸ್ತಿ ಆಡಿದ ಆ ಮರಾಠಿ ಮನುಷ್ಯನನ್ನು ಓಣಿಯಲ್ಲೆಲ್ಲ ಕಾಕಾ ಎನ್ನುತ್ತಿದ್ದರು. ಭಾವನ ಮಗಳು, ಆಗ ಒಂಬತ್ತು ವರ್ಷದವಳು, ಮೊಬೈಲಿನಲ್ಲಿ ಸೆಕೆಂಡು ನೋಡುತ್ತ ಆಜ್ಞೆ ಕೊಡುತ್ತಿದ್ದಳು. ಅವಳು "ಚಢಾವ್" ಎಂದರೆ ಕಾಕಾ ಕುರ್ಚಿಯನ್ನು ಹಿಂದಕ್ಕೆ ವಾಲಿಸುವರು, "ಉತಾರ್" ಎಂದರೆ ಮುಂದಕ್ಕೆ ತಳ್ಳುವರು, "ವಳಣ್" ಎಂದರೆ ಗಿರ್ರನೆ ತಿರುಗಿಸುವರು. ಭಾವನ ಕಣ್ಣು ಮುಚ್ಚಿತ್ತು. ಮುಖ ಹಳೆಯ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು.

ಭಾವಾ, ಇದೇನು ನಡೆಸಿದ್ದೀರಿ ಎಂದು ಕೇಳಿದೆ.

"ಟ್ರಾಯಲ್," ಎಂದರು, ಕಣ್ಣು ತೆರೆಯದೆ.

ಈ ಮಾತಿನ ಅರ್ಥ ತಿಳಿಯಬೇಕಾದರೆ ಅವರ ಉದ್ಯೋಗದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಅಕ್ಕನ ಗಂಡನಾದ ಈ ಮಹಾನುಭಾವರು ವಾಳೂಜಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಹದಿನಾಲ್ಕು ವರ್ಷ, ಕಾಂಟ್ರ್ಯಾಕ್ಟ್ ಮೇಲೆ. ಅಲ್ಲಿ ಒಂದು ಪದ್ಧತಿ ಉಂಟು. ಶಿಫ್ಟು ಶುರುವಾದ ಕೂಡಲೇ ಮಷೀನಿನಿಂದ ಬಂದ ಮೊದಲ ಪೀಸನ್ನು ಇನ್ಸ್‌ಪೆಕ್ಟರ್ ಅಳೆಯಬೇಕು. ಅವನು ಸರಿ ಎಂದು ಸಹಿ ಹಾಕುವ ತನಕ ಎರಡನೆಯ ಪೀಸು ಹುಟ್ಟುವಂತಿಲ್ಲ. ಒಳ್ಳೆಯ ಪದ್ಧತಿ. ಉಳಿದವರೆಲ್ಲ ಅದನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಮನೆಗೆ ಬರುತ್ತಾರೆ. ಭಾವ ಟಿಫಿನ್ ಡಬ್ಬಿಯ ಜೊತೆ ಅದನ್ನೂ ತಂದರು.

ಅವರ ಮನೆಯಲ್ಲಿ ಮೊದಲ ರೊಟ್ಟಿ ಭಾವನ ಕೈಗೆ ಹೋಗಬೇಕು. ಕನ್ನಡಕ ಏರಿಸಿ ಅದನ್ನು ಬೆಳಕಿಗೆ ಹಿಡಿದು, ಅಂಚು ಮುಟ್ಟಿ, ನಡು ಮುಟ್ಟಿ, ಒಂದು ತುಣುಕು ಮುರಿದು ಬಾಯಿಗೆ ಹಾಕಿ ತಲೆಯಾಡಿಸಿದ ಮೇಲೆ ಎರಡನೆಯದು. ಅಕ್ಕ ಮೊದಮೊದಲು ಸುಮ್ಮನಿದ್ದಳಂತೆ. ಒಂದು ದಿನ, "ನೀವು ಪಾಸ್ ಮಾಡೂತನಕ ಗ್ಯಾಸ್ ಬಂದ್ ಮಾಡ್ಲೇನ್ರಿ, ಇಲ್ಲಾ ಸಿಲಿಂಡರಿಗೂ ನೀವೇ ಸಹಿ ಹಾಕ್ತೀರಿ?" ಎಂದು ಕೇಳಿದಳು. ಭಾವ ಆ ಪ್ರಶ್ನೆಯನ್ನು ಗಂಭೀರವಾಗಿ ಯೋಚಿಸಿದರು ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಅನ್ಯಾಯವಾಗಬಾರದು, ಇದನ್ನೂ ಹೇಳುತ್ತೇನೆ: ತಮ್ಮನ್ನೂ ಅವರು ಬಿಟ್ಟವರಲ್ಲ. ಬೀದರ್ ಜಿಲ್ಲೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದು ಹೋದ ಮರುವಾರ ಒಬ್ಬರೇ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಅಪ್ಪ ಗಾಬರಿಯಾದರು. ಭಾವ ಹೇಳಿದರು: "ನಾವು ಹೆಣ್ಣು ನೋಡೇವಿ. ನನ್ನ ಯಾರೂ ಸರಿಯಾಗಿ ನೋಡಿಲ್ರಿ. ಒಂದಿನ ಇರ್ತೀನಿ, ಚೆಕ್ ಮಾಡ್ಕೋರಿ." ಹೇಳಿದಂತೆ ಇದ್ದರು. ನೀರು ತುಂಬಿದರು, ಸಂತೆಗೆ ಹೋದರು, ಉಂಡರು, ಮಲಗಿದರು. ಮರುದಿನ ಬೆಳಿಗ್ಗೆ ಅಕ್ಕ ಅಡುಗೆಮನೆಯ ಬಾಗಿಲ ಹಿಂದಿನಿಂದ ತೀರ್ಪು ಕೊಟ್ಟಳು: "ಗೊರಕಿ ಭಾಳ ಅದಾ. ಆದ್ರೂ ನಡೀತದ." ಹೀಗೆ ಭಾವ ಪಾಸಾದರು.

ಈಗ ಈ ಟ್ರಾಯಲ್‌ಗೆ ಕಾರಣವಾದ ಥೀಮ್ ಪಾರ್ಕಿನ ವಿಷಯ. ಮುಂಬೈಗೂ ಪುಣೆಗೂ ನಡುವೆ, ಘಾಟಿನ ಕೆಳಗೆ ಇರುವ ಆ ಪಾರ್ಕಿಗೆ ಹುಡುಗಿಯ ಶಾಲೆಯ ಗೆಳತಿ ಹೋಗಿ ಬಂದಿದ್ದಳು. ಬಂದವಳು ದೊಡ್ಡ ರೋಲರ್ ಕೋಸ್ಟರಿನ ಕಥೆ ಹೇಳಿದಳು. ಅಲ್ಲಿಗೆ ನಮ್ಮ ಹುಡುಗಿಯ ಊಟ ನಿದ್ದೆ ಕೆಟ್ಟಿತು. ಅಲ್ಲಿನ ನಿಯಮ ಹೀಗಿತ್ತು. ಎತ್ತರ ನೂರಾ ಇಪ್ಪತ್ತು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಿಡುವುದಿಲ್ಲ. ಅಲ್ಲಿಂದ ನೂರಾ ನಲವತ್ತರ ತನಕ ಜೊತೆಗೆ ದೊಡ್ಡವರೊಬ್ಬರು ಕೂರಬೇಕು. ನೂರಾ ನಲವತ್ತು ದಾಟಿದರೆ ಒಬ್ಬರೇ ಹೋಗಬಹುದು. ಭಾವ ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದರು. ನೂರಾ ಮೂವತ್ತೆರಡು. ಅಂದರೆ ದೊಡ್ಡವರು ಬೇಕು. ಯಾರು? ಅಕ್ಕ ತಾನು ಜಾತ್ರೆಯ ತೊಟ್ಟಿಲಲ್ಲೂ ಕೂರುವವಳಲ್ಲ ಎಂದು ಕೈ ತೊಳೆದುಕೊಂಡಳು. ಹುಡುಗಿ ಅಪ್ಪನ ಮುಖ ನೋಡಿದಳು. ಅವಳಿಗೆ ಮೊದಲಿನಿಂದಲೂ ಬೇಕಾಗಿದ್ದವರು ಅವರೇ.

ತೊಂದರೆ ಒಂದೇ. ನಮ್ಮ ಭಾವನಿಗೆ ಆಟೋರಿಕ್ಷಾ ತಿರುಗಿದರೂ ವಾಂತಿ ಬರುತ್ತದೆ! ಸ್ಕೂಟರ್ ತಾವೇ ಓಡಿಸಿದರೆ ಪರವಾಗಿಲ್ಲ. ಬೇರೆಯವರು ಓಡಿಸಿದ ಯಾವುದರಲ್ಲೂ ಅವರ ಹೊಟ್ಟೆ ನೆಟ್ಟಗೆ ಕೂರುವುದಿಲ್ಲ.

ಆದರೆ ಮಾತು ಕೊಟ್ಟಾಗಿತ್ತು. ಆದ್ದರಿಂದ ಟ್ರಾಯಲ್ ಶುರುವಾಯಿತು. ಪ್ರತಿ ಭಾನುವಾರ ಭಾವ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿ ಕನ್ನಡ ಎಂಬ ತಾಲೂಕಿನ ಊರಿಗೆ ಹೋಗಿ, ಒಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ಬರುವರು. ಎದ್ದೆದ್ದು ಬೀಳುವ ಕೊನೆಯ ಸೀಟೇ ಆಗಬೇಕು. ಮೂರನೆಯ ವಾರಕ್ಕೆ ಕಂಡಕ್ಟರಿಗೆ ಗುರುತು ಹತ್ತಿತು. ಮುಂದೆ ಕೂತುಕೊಳ್ಳಿ ಎಂದು ಮರಾಠಿಯಲ್ಲಿ ಬೇಡಿಕೊಂಡ. ಮುಂದೆ ಕೂತರೆ ಲೆಕ್ಕಕ್ಕೆ ಬರುವುದಿಲ್ಲ ಎಂದರು ಭಾವ. ಯಾವ ಲೆಕ್ಕ ಎಂದು ಆ ಪುಣ್ಯಾತ್ಮನಿಗೆ ಕೊನೆಗೂ ತಿಳಿಯಲಿಲ್ಲ. ಆರನೆಯ ಭಾನುವಾರ ಭಾವ ವಾಂತಿಗೆಂದು ಒಯ್ದ ಪ್ಲಾಸ್ಟಿಕ್ ಚೀಲವನ್ನು ಖಾಲಿಯಾಗಿಯೇ ಮನೆಗೆ ತಂದು ಅಕ್ಕನ ಮುಂದೆ ಹಿಡಿದರು. ಬೇರೆ ಗಂಡಸರು ಸಂಬಳ ಹೆಚ್ಚಾದ ಪತ್ರ ಹಾಗೆ ಹಿಡಿಯುತ್ತಾರೆ.

ಸಂಬಳದ ಮಾತೂ ಇತ್ತು. ಏಪ್ರಿಲ್‌ನಿಂದ ಭಾವನನ್ನು ಪರ್ಮನೆಂಟ್ ಮಾಡುವುದಾಗಿ ಕಾರ್ಖಾನೆಯವರು ಹೇಳಿದ್ದರು. ಪರ್ಮನೆಂಟ್ ಆದ ಕೂಡಲೇ ರಜೆ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಪಾರ್ಕಿನ ಪ್ರವಾಸವನ್ನು ಮಾರ್ಚ್ ಕೊನೆಗೆ ಇಟ್ಟರು. ಇಡೀ ದಿನದ ಪಟ್ಟಿಯೂ ಸಿದ್ಧವಾಯಿತು: ಎಷ್ಟು ಗಂಟೆಗೆ ಒಳಗೆ, ಎಷ್ಟಕ್ಕೆ ನೀರು, ಎಷ್ಟಕ್ಕೆ ಮೂತ್ರ. ಆ ಪಟ್ಟಿಯ ಏಳನೆಯ ಸಾಲಿನಲ್ಲಿ "ಬ್ಯಾಗ್ ಹಿಡಿಯಲು" ಎಂಬುದರ ಎದುರು ನನ್ನ ಹೆಸರಿತ್ತು. ನಾನು ಆಗ ನಾಸಿಕ್‌ನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿರಲಿಲ್ಲ. ಎರಡು ದಿನದ ರಜೆ, ಎರಡು ಜೊತೆ ಬಟ್ಟೆ ತೆಗೆದುಕೊಂಡು ಶನಿವಾರ ಮಧ್ಯಾಹ್ನ ಸಂಭಾಜಿನಗರಕ್ಕೆ ಬಂದೆ. ಮರುದಿನದಿಂದ ಎಲ್ಲ ಬಂದ್. ಪಾರ್ಕು, ಬಸ್ಸು, ಕಾರ್ಖಾನೆ, ಕಚೇರಿ, ಕನ್ನಡದ ಚಹಾದಂಗಡಿ. ಎರಡು ಜೊತೆ ಬಟ್ಟೆಯಲ್ಲಿ ನಾನು ಅಲ್ಲಿ ಐವತ್ತೆಂಟು ದಿನ ಇದ್ದೆ.

ಟೆರೇಸಿನ ಟ್ರಾಯಲ್ ಹುಟ್ಟಿದ್ದು ಹೀಗೆ. ಬಸ್ಸಿಲ್ಲದಿದ್ದರೆ ಕುರ್ಚಿ! ರೂಢಿ ತಪ್ಪಿದರೆ ಆರು ಭಾನುವಾರದ ಶ್ರಮ ನೀರಿಗೆ ಹೋಗುತ್ತದೆ ಎಂಬುದು ಭಾವನ ವಾದ. ಅಕ್ಕಪಕ್ಕದ ಟೆರೇಸಿನವರು ಮೊದಲು ಇದನ್ನು ಕೊರೊನಾದ ಯಾವುದೋ ಹೊಸ ಚಿಕಿತ್ಸೆ ಎಂದುಕೊಂಡರು. ಒಬ್ಬರಂತೂ ದಿನಕ್ಕೆ ಎಷ್ಟು ಸಲ ತಿರುಗಿಸಬೇಕೆಂದು ಕಾಕಾರನ್ನು ವಿಚಾರಿಸಿದರು.

ಜೂನ್‌ನಲ್ಲಿ ಕಾರ್ಖಾನೆ ಅರ್ಧ ತೆರೆಯಿತು. ಭಾವನ ಪಾಲಿಗೆ ತೆರೆಯಲಿಲ್ಲ. ಪರ್ಮನೆಂಟ್ ಇರಲಿ, ಇದ್ದ ಕಾಂಟ್ರ್ಯಾಕ್ಟೂ ಮುಂದುವರಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. ನಾನು ಆಗಲೇ ನಾಸಿಕ್‌ಗೆ ಮರಳಿದ್ದೆ, ಇದನ್ನು ಕಂಡಿಲ್ಲ, ಅಕ್ಕ ಹೇಳಿದ್ದು. ಭಾವ ಫೋನ್ ಇಟ್ಟರಂತೆ. ಆಮೇಲೆ ಮಗಳನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದು ಅಳೆದರು. ನೂರಾ ಮೂವತ್ಮೂರೂವರೆ.

"ಇನ್ನ ಆರೂವರೆ ಸೆಂಟಿಮೀಟರ್ ಟೈಮ್ ಅದಾ," ಎಂದರಂತೆ.

ಮನೆಯಲ್ಲಿ ಕಾಲವನ್ನು ಅಂದಿನಿಂದ ಹೀಗೆ ಅಳೆಯತೊಡಗಿದರು. ಹುಡುಗಿ ನೂರಾ ನಲವತ್ತು ದಾಟಿ ದೊಡ್ಡವರು ಬೇಡವಾಗುವ ಮೊದಲೇ ಪಾರ್ಕು ತೆರೆಯಬೇಕು. ಕಷ್ಟಪಟ್ಟು ಕಲಿತದ್ದನ್ನು ತೋರಿಸುವುದಕ್ಕೆ ಭಾವನಿಗೆ ಇದ್ದ ಜಾಗ ಆ ಪಕ್ಕದ ಸೀಟು ಒಂದೇ. ಆದರೆ ಮಕ್ಕಳು ಲಾಕ್‌ಡೌನ್‌ನಲ್ಲೂ ಬೆಳೆಯುತ್ತಾರಲ್ಲ! ಅದಕ್ಕೆ ಮಾತ್ರ ಯಾವ ಸರ್ಕಾರವೂ ತಡೆ ಹಾಕಲಿಲ್ಲ.

ಆ ಚಳಿಗಾಲದಲ್ಲಿ ನಾಸಿಕ್‌ನ ಸಾತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಭಾವನಿಗೆ ಕೆಲಸ ಸಿಕ್ಕಿತು. ಮತ್ತೆ ಕಾಂಟ್ರ್ಯಾಕ್ಟ್, ಮತ್ತೆ ಕೆಳಗಿನ ಮೆಟ್ಟಿಲಿನಿಂದ. ಅಕ್ಕ ಮತ್ತು ಮಗಳು ಸಂಭಾಜಿನಗರದಲ್ಲೇ ಉಳಿದರು. ಭಾವ ನನ್ನ ಒಂದು ಕೋಣೆಯ ಮನೆಗೆ ಬಂದರು. ನನ್ನ ಮೊದಲ ಚಹಾ ಮೂರು ದಿನ ನಪಾಸಾಯಿತು. ನಾಲ್ಕನೆಯ ದಿನದಿಂದ ಅವರೇ ಮಾಡತೊಡಗಿದರು. ನಾನೂ ಪೆದ್ದನಲ್ಲ. ತಿಂಗಳಿಗೆ ಎರಡು ಸಲ ಭಾವ ಸ್ಕೂಟರಿನಲ್ಲೇ ಸಂಭಾಜಿನಗರಕ್ಕೆ ಹೋಗಿ ಮಗಳನ್ನು ಅಳೆದು ಬರುವರು. ನೂರಾ ಮೂವತ್ತೇಳಾದಾಗ ಪಾರ್ಕು ತೆರೆದಿದೆ ಎಂದು ಸುದ್ದಿ ಬಂತು. ಮಗಳ ಪರೀಕ್ಷೆ ಮುಗಿದ ಮೇಲೆ ಹೋಗುವುದೆಂದು ಏಪ್ರಿಲ್‌ಗೆ ಟಿಕೆಟ್ ಮಾಡಿಸಿದರು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂತು.

ಆ ತಿಂಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಕಾಕಾ ಹೋದರು. ಆಸ್ಪತ್ರೆಗೆ ನಡೆದುಕೊಂಡೇ ಹೋದವರು ಮರಳಲಿಲ್ಲ. ಭಾವ ಆ ಸುದ್ದಿ ಕೇಳಿದಾಗ ನಾನು ಎದುರಿಗೇ ಇದ್ದೆ. ಅವರು ಚಹಾ ಮಾಡಿದರು, ಎರಡು ಲೋಟಕ್ಕೆ ಸೋಸಿದರು, ನೋಡದೆ ಕುಡಿದರು.

ಮಳೆಗಾಲಕ್ಕೆ ಅಕ್ಕ ಮತ್ತು ಮಗಳು ನಾಸಿಕ್‌ಗೆ ಬಂದರು. ಹೊಸ ಬಾಡಿಗೆ ಮನೆಯ ಗೋಡೆಯ ಮೇಲೆ ಹೊಸ ಗೆರೆಗಳು ಶುರುವಾದವು. ಮನುಷ್ಯ ಬೆಳಿಗ್ಗೆಗಿಂತ ಸಂಜೆ ಸ್ವಲ್ಪ ಕುಳ್ಳಗಾಗುತ್ತಾನೆ ಎಂದು ಭಾವ ಎಲ್ಲೋ ಓದಿದ್ದರು. ಆದ್ದರಿಂದ ಅಳತೆ ಸಂಜೆಗೆ ಬದಲಾಯಿತು. ಹುಡುಗಿ ದಿನವಿಡೀ ಆಡಿ ದಣಿದು ಬಂದ ಮೇಲೆ ಇನ್ನೂ ಒಳ್ಳೆಯದು! ಒಂದು ದಿನ ಭಾವ, ಈ ವಯಸ್ಸಿಗೆ ಅರ್ಧ ಲೋಟ ಹಾಲು ಸಾಕಲ್ಲವೇ ಎಂದು ಮೆಲ್ಲಗೆ ಕೇಳಿದರು. ಅಕ್ಕ ಮಗಳ ಮುಂದೆ ಎರಡು ಲೋಟ ತುಂಬಿಸಿ ಇಟ್ಟಳು.

ದೀಪಾವಳಿ ಮುಗಿದ ಮೊದಲ ಭಾನುವಾರ, ಸಂಜೆ, ನೂರಾ ನಲವತ್ತೂವರೆ ಬಂತು. ಭಾವ ಮೂರು ಸಲ ಅಳೆದರು. ಮೂರು ಸಲವೂ ಅಷ್ಟೇ. ಅರ್ಧ ಸೆಂಟಿಮೀಟರನ್ನು ನುಂಗಿಬಿಡಿ ಭಾವಾ ಎಂದೆ ನಾನು. ಅವರು ನನ್ನನ್ನು ನೋಡಿದ ರೀತಿಗೆ ನಾನು ಬಾಯಿ ಮುಚ್ಚಿದೆ.

"ಆಯ್ತವ್ವಾ," ಎಂದರು ಮಗಳಿಗೆ. "ಇನ್ನ ನಿನಗ ಯಾರೂ ಬೇಕಾಗಿಲ್ಲ."

ಹುಡುಗಿ ಗೋಡೆಯ ಗೆರೆಯನ್ನು ನೋಡುತ್ತ ನಿಂತಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಆಡಲು ಬರುವುದು ಕಡಿಮೆ. ಆಮೇಲೆ ಭಾವ ಅಳೆಯಲಿಲ್ಲ, ಪಾರ್ಕಿನ ಮಾತೂ ತೆಗೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕನೇ ಹಟ ಹಿಡಿದು ಹೊರಡಿಸಿದಳು. ರೋಲರ್ ಕೋಸ್ಟರಿನ ಸಾಲಿನಲ್ಲಿ ಮೊದಲು ಹುಡುಗಿ, ಅವಳ ಹಿಂದೆ ಭಾವ, ಆಮೇಲೆ ಅಕ್ಕ, ಕೊನೆಗೆ ಬ್ಯಾಗ್ ಹಿಡಿದ ನಾನು. ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಮೇಲೆ ಆ ಗಾಡಿ ತಲೆಕೆಳಗಾಗಿ ಹೋಗುವಾಗಲೆಲ್ಲ ಅಕ್ಕ ಕಣ್ಣು ಮುಚ್ಚುತ್ತಿದ್ದಳು. ಗೇಟಿನಲ್ಲಿ ಎತ್ತರ ಅಳೆಯುವ ಹಲಗೆ, ಅದರ ಪಕ್ಕ ಸಮವಸ್ತ್ರದ ಒಬ್ಬಾಕೆ. ಮುಂದಿದ್ದ ಮಕ್ಕಳೆಲ್ಲ ಒಂಟಿಯಾಗಿ ಹೋಗುವ ಆಸೆಗೆ ತುದಿಗಾಲ ಮೇಲೆ ನಿಲ್ಲುತ್ತಿದ್ದರು. ಆಕೆ ಒಬ್ಬೊಬ್ಬರ ಹೆಗಲು ಒತ್ತಿ ಕೆಳಗಿಳಿಸುತ್ತಿದ್ದಳು.

"ನೀ ಹೋಗವ್ವಾ," ಎಂದರು ಭಾವ. "ನಾ ಇಲ್ಲೇ ಕೆಳಗ ನಿಂತು ನೋಡ್ತೀನಿ."

ನಗುತ್ತಲೇ ಹೇಳಿದರು. ಅಕ್ಕ ಬೇರೆ ಕಡೆ ನೋಡಿದಳು.

ಹುಡುಗಿ ಹೋಗಿ ಹಲಗೆಗೆ ಬೆನ್ನು ಕೊಟ್ಟು ನಿಂತಳು. ಪಾದದ ತನಕ ಇಳಿಯುವ ಅಗಲವಾದ ಪ್ಯಾಂಟು ತೊಟ್ಟಿದ್ದಳು. ಗೇಟಿನಾಕೆ ನೋಡುತ್ತಿದ್ದದ್ದು ತಲೆಯ ಕಡೆ. ನಾವು ನಿಂತದ್ದು ಪಕ್ಕದಲ್ಲಿ. ಆದ್ದರಿಂದ ನಮಗೆ ಕಂಡಿತು. ಹುಡುಗಿಯ ಮೊಣಕಾಲುಗಳು ಮೆಲ್ಲಗೆ ಮಡಿಚಿಕೊಂಡವು. ಬೆನ್ನು ಹಲಗೆಯ ಮೇಲೆ ಜಾರಿತು. ತಲೆ ಕೆಂಪು ಗೆರೆಯ ಕೆಳಗೆ ಬಂದು ನಿಂತಿತು. ಮುಖ ನೆಟ್ಟಗೆ ಮುಂದೆ ನೋಡುತ್ತಿತ್ತು.

ಜೊತೆಗೆ ದೊಡ್ಡವರು ಯಾರಿದ್ದಾರೆ ಎಂದು ಗೇಟಿನಾಕೆ ಮರಾಠಿಯಲ್ಲಿ ಕೇಳಿದಳು.

ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳತೆಪಟ್ಟಿ ಇಲ್ಲದೆಯೇ ಹೇಳಬಲ್ಲ ನಮ್ಮ ಭಾವ ಮಗಳ ಮೊಣಕಾಲನ್ನು ನೋಡಿದರು. ಸರಿಯಾಗಿ ನೋಡಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಮೀ," ಎಂದರು. ನಾನು, ಎಂದು.

ಇಬ್ಬರೂ ಒಳಗೆ ಹೋದರು. ಹುಡುಗಿ ನಾಲ್ಕು ಹೆಜ್ಜೆ ಹಾಗೆಯೇ ಬಾಗಿ ನಡೆದಳು, ಆಮೇಲೆ ನೆಟ್ಟಗಾದಳು. ಇದನ್ನು ಕಂಡವಳು ನನ್ನ ಜೊತೆ ಇನ್ನೊಬ್ಬಳಿದ್ದಾಳೆ, ನಮ್ಮ ಅಕ್ಕ. ಸಾತಪುರದ ಹತ್ತಿರ ಮನೆ, ಗಟ್ಟಿಯಾಗಿದ್ದಾಳೆ. ಕೇಳಿದರೆ ಆಕೆಯೂ ಇಷ್ಟನ್ನೇ ಹೇಳುತ್ತಾಳೆ.