ಪಿತ್ತಕೋಶ ಹೇಳಿದ ಚಾಡಿ

ಅನ್ನದ ಮೇಲೆ ತುಪ್ಪ ಹಾಕಿಕೊಳ್ಳುವುದಲ್ಲ, ತುಪ್ಪದೊಳಗೆ ಅನ್ನ ಕಲಸಿಕೊಳ್ಳುವುದು ದೇವೀರಪ್ಪನ ಊಟದ ಪದ್ಧತಿ. ಹೆತ್ತೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ಈ ಮನುಷ್ಯನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ, ಇರುವ ಚಟ ಇದೊಂದೇ. ಹಾಗಾಗಿ ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಂಡಿದ ಹಾಗೆ ನೋವು ಬರತೊಡಗಿದಾಗ ಅವನು ಗ್ಯಾಸ್ ಅಂದ, ಉಷ್ಣ ಅಂದ, ಯಾರದೋ ಕಣ್ಣು ಬಿದ್ದಿರಬೇಕು ಅಂದ. ತುಪ್ಪ ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಲಿಲ್ಲ. ಆ ಮಾತು ಅಂದವರು ಸಕಲೇಶಪುರದ ಡಾಕ್ಟರು. ಪಿತ್ತಕೋಶದಲ್ಲಿ ಕಲ್ಲಿರಬಹುದು, ರಾತ್ರಿ ಊಟದ ಮೇಲೆ ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಬಂದು ಸ್ಕ್ಯಾನ್ ಮಾಡಿಸಿ ಎಂದು ಹೇಳಿ ಕಳಿಸಿದರು.

ಹೆಂಡತಿ ಜಗದಾಂಬ ಇದಕ್ಕೆ ತನ್ನದೂ ಒಂದು ಷರತ್ತು ಸೇರಿಸಿದಳು. "ಕಲ್ಲೈತೆ ಅಂತ ಆಗ್ಲಿ, ತುಪ್ಪದ ಭರಣಿ ಅವತ್ತೇ ಪಕ್ಕದ ಮನೆ ಸುಲೋಚನಮ್ಮನಿಗೆ ಕೊಟ್ಬುಡ್ತೀನಿ."

ದೇವೀರಪ್ಪನಿಗೆ ಕಲ್ಲಿನ ಭಯಕ್ಕಿಂತ ಈ ಮಾತಿನ ಭಯವೇ ದೊಡ್ಡದಾಯಿತು. ಸ್ಕ್ಯಾನಿನ ಮರುದಿನವೇ ಬಾಳ್ಳುಪೇಟೆಯಲ್ಲಿ ತಂಗಿಯ ಮಗಳು ಮಾನಸಾಳ ಸೀಮಂತ. ಬಾಳೆ ಎಲೆ, ಎಲೆಯ ಮೇಲೆ ಒಬ್ಬಟ್ಟು, ಒಬ್ಬಟ್ಟಿನ ಮೇಲೆ ಕಾಯಿಸಿದ ತುಪ್ಪ. ಏನೂ ಇಲ್ಲ ಎಂದು ರಿಪೋರ್ಟ್ ಬಂದರೆ ಮಾತ್ರ ಆ ತುಪ್ಪ ಇವನ ಎಲೆಗೆ ಬೀಳುವುದು. ಒಂದು ತಿಂಗಳಿಂದ ಅವನು ಆ ಎಲೆಯನ್ನೇ ನೆನೆಸಿಕೊಂಡು ಬದುಕಿದ್ದ.

ಬೆಳಿಗ್ಗೆ ಗಂಡ ಹೆಂಡತಿ ಗೇಟು ದಾಟುವಷ್ಟರಲ್ಲಿ ಸುಲೋಚನಮ್ಮ ಒಂದು ಲೋಟ ಬಾಳೆದಿಂಡಿನ ರಸ ಹಿಡಿದು ಅಡ್ಡ ಬಂದಳು. ಆಕೆಯ ಭಾವನಿಗೆ ಮೂತ್ರದಲ್ಲಿ ಕಲ್ಲು ಬಿದ್ದುಹೋದದ್ದು ಇದರಿಂದಲೇ ಅಂತೆ. ಅದು ಬೇರೆ ಚೀಲ, ಇದು ಬೇರೆ ಚೀಲ ಎಂದು ದೇವೀರಪ್ಪ ಹೇಳಿ ನೋಡಿದ. ಕಲ್ಲು ಕಲ್ಲೇ ತಾನೇ, ಯಾವ ಚೀಲದಲ್ಲಿದ್ದರೇನು ಎಂದಳು ಆಕೆ. ಖಾಲಿ ಹೊಟ್ಟೆಯ ನೆಪ ಹೇಳಿ ಹೇಗೋ ತಪ್ಪಿಸಿಕೊಂಡು ಬಸ್ ಹತ್ತಿದರೆ ಅಲ್ಲಿ ಎಸ್ಟೇಟಿನ ಹಳೇ ಮೇಸ್ತ್ರಿ ಭೂತಯ್ಯ ಕೂತಿದ್ದ. ಅವನ ಪ್ರಕಾರ ಹೊಟ್ಟೆಯಲ್ಲಿ ಕಲ್ಲಾಗುವುದು ಅಕ್ಕಿಯಲ್ಲಿರುವ ಕಲ್ಲಿನಿಂದ.

"ಅಂದ್ರೆ ನಾನು ಅಕ್ಕಿ ಆರಿಸದೆ ಬೇಯಿಸ್ತೀನಿ ಅಂತಲಾ ಭೂತಯ್ಯ?" ಎಂದಳು ಜಗದಾಂಬ.

ಭೂತಯ್ಯ ಕಿಟಕಿಯ ಕಡೆ ತಿರುಗಿಕೊಂಡ. ಆದರೆ ಮುಂದಿನ ಸೀಟಿನವರು ಸೀಬೆಬೀಜದಿಂದ ಎಂದರು, ಹಿಂದಿನವರು ಬೋರ್‌ವೆಲ್ ನೀರಿನಿಂದ ಎಂದರು, ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ತನ್ನ ಅತ್ತೆಯ ಆಪರೇಷನ್ ಕತೆ ಶುರು ಮಾಡಿದ. ಸಕಲೇಶಪುರ ಬರುವ ಹೊತ್ತಿಗೆ ದೇವೀರಪ್ಪನ ಹೊಟ್ಟೆ ಇಡೀ ಬಸ್ಸಿನ ಸ್ವತ್ತಾಗಿತ್ತು. ಇನ್ನು ಸತ್ತರೂ ಯಾರಿಗೂ ವಿಷಯ ಹೇಳುವುದಿಲ್ಲ ಎಂದು ಅವನು ಇಳಿಯುವಾಗಲೇ ಆಣೆ ಮಾಡಿಕೊಂಡ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಕರೆಂಟಿರಲಿಲ್ಲ. ಬಂದ ಮೇಲೆ ಕರೆಯುತ್ತೇವೆ, ಕೂತಿರಿ ಎಂದರು. ಕೂತರು. ಬಿಸಿಲೇರಿತು, ಹೊಟ್ಟೆ ತಾಳ ಹಾಕತೊಡಗಿತು. ಪಕ್ಕದಲ್ಲಿ ಕೂತ ಜಗದಾಂಬಳೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನೀನಾದರೂ ಹೋಗಿ ಎರಡು ಇಡ್ಲಿ ತಿನ್ನು ಎಂದು ಹೇಳಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ಅಂಥದ್ದು ಹೊಳೆದ ಅಭ್ಯಾಸವೇ ಇರಲಿಲ್ಲ. ಮೆಣಸಿನ ರೇಟು ವಿಚಾರಿಸಿಕೊಂಡು ಬರುತ್ತೇನೆ ಎಂದು ಹೇಳಿ ಅವನು ಹೊರಗೆ ಕಾಲು ಹಾಕಿದ.

ಮೆಣಸಿನ ವ್ಯಾಪಾರಿ ಅಬ್ದುಲ್ ಮಜೀದ್ ಇವನನ್ನು ಕಂಡದ್ದೇ ತಡ, ಕೈ ಹಿಡಿದು ಅಂಗಡಿಯೊಳಗೆ ಎಳೆದುಕೊಂಡ. ಅವನ ಮಗಳು ನಸೀರಾಳ ಮದುವೆ ನಿಶ್ಚಯವಾಗಿತ್ತು. ಮೇಜಿನ ಮೇಲೆ ಮೈಸೂರು ಪಾಕಿನ ಡಬ್ಬ, ಡಬ್ಬದ ತಳದ ರಟ್ಟಿನಲ್ಲೂ ತುಪ್ಪ ಜಿನುಗುತ್ತಿತ್ತು.

"ನೀವು ತಿಂತೀರೋ ಇಲ್ವೋ ಅಂತ ಲಿಂಗಾಯತ್ರ ಅಂಗಡೀಲೇ ಮಾಡ್ಸಿದೀನಿ ರೈಟರೇ. ಬೇಡ ಅಂದ್ರೆ ನಂಗೆ ಬೇಜಾರಾಯ್ತದೆ," ಎಂದ ಮಜೀದ್.

ಸ್ಕ್ಯಾನಿಗೆ ಬಂದಿದ್ದೇನೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಜೀದನಿಗೆ ಹೇಳಿದ್ದು ಸಂತೆಗೆ ಹೇಳಿದ ಹಾಗೆ, ಸಂಜೆಯೊಳಗೆ ಬಾಳ್ಳುಪೇಟೆಯವರೆಗೆ ಗೊತ್ತಾಗುತ್ತದೆ. ಸ್ನೇಹಿತನ ಮಗಳ ಶುಭಕಾರ್ಯ ಬೇರೆ. ಹೀಗೆಲ್ಲ ಯೋಚಿಸಿಯೇ ದೇವೀರಪ್ಪ ಒಂದು ತುಂಡು ಬಾಯಿಗಿಟ್ಟುಕೊಂಡ. ಎರಡನೆಯದಕ್ಕೆ ಯೋಚನೆ ಮಾಡಲಿಲ್ಲ, ಆಮೇಲಿನವಕ್ಕೆ ಲೆಕ್ಕವೂ ಇಡಲಿಲ್ಲ. ಮೇಲೊಂದು ಗಟ್ಟಿ ಹಾಲಿನ ಕಾಫಿ. ನಸೀರಾಳನ್ನು ಮನಸಾರೆ ಹರಸಿ, ಮೀಸೆ ಒರೆಸಿಕೊಂಡು ಬಂದು, ಹಸಿದವನ ಮುಖ ಮಾಡಿಕೊಂಡು ಹೆಂಡತಿಯ ಪಕ್ಕ ಕೂತ. ಸುಮಾರು ಹೊತ್ತಾದ ಮೇಲೆ ಕರೆಂಟು ಬಂತು.

ಸ್ಕ್ಯಾನ್ ಮಾಡುವ ಡಾಕ್ಟರ್ ಶಾಲಿನಿ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಪರದೆ ನೋಡಿದರು. ಉಸಿರು ಎಳೆದುಕೊಳ್ಳಿ ಎಂದರು, ಮಗ್ಗುಲಾಗಿ ಎಂದರು, ಮತ್ತೆ ನೋಡಿದರು.

"ಏನು ತಿಂದ್ರಿ?"

"ಏನೂ ಇಲ್ಲ ಮೇಡಂ. ನೀರೂ ಮುಟ್ಟಿಲ್ಲ."

"ತುಪ್ಪದ್ದೇನೋ ತಿಂದಿದೀರಿ. ಬಾಯಿ ಸುಳ್ಳು ಹೇಳಬಹುದು, ಪಿತ್ತಕೋಶ ಹೇಳಲ್ಲ."

ಜಿಡ್ಡು ಹೊಟ್ಟೆಗೆ ಹೋದೊಡನೆ ಪಿತ್ತಕೋಶ ತನ್ನಲ್ಲಿರುವ ಪಿತ್ತವನ್ನೆಲ್ಲ ಹಿಂಡಿ ಹೊರಗೆ ಹಾಕಿ ಮುದುರಿಕೊಳ್ಳುತ್ತದೆ, ಖಾಲಿ ಚೀಲದಲ್ಲಿ ಕಲ್ಲಿದೆಯೋ ಇಲ್ಲವೋ ನೆಟ್ಟಗೆ ಕಾಣುವುದಿಲ್ಲ ಎಂದು ಅವರು ವಿವರಿಸಿದರು. ನೋವಿದ್ದಾಗ ತಡ ಮಾಡಬಾರದು, ನಾಳೆ ಮಧ್ಯಾಹ್ನದ ಮೇಲೆ ಬರಬೇಕು, ಬೆಳಿಗ್ಗೆಯಿಂದ ಕಟ್ಟುನಿಟ್ಟಾಗಿ ಖಾಲಿ ಹೊಟ್ಟೆ. ನಾಳೆ ಮಧ್ಯಾಹ್ನವೆಂದರೆ ಸೀಮಂತದ ಪಂಕ್ತಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜೊತೆಗೇ ಒಳಗೆ ಬಂದಿದ್ದ ಜಗದಾಂಬ ರೇಗಲಿಲ್ಲ. ಗೋಡೆಗೆ ಒರಗಿ ನಿಂತು, "ನೀವು ಉಣ್ಣದೆ ನಾನೆಂಗೆ ಉಣ್ಲಿ ಅಂತ ನಾನೂ ಬರೀ ಹೊಟ್ಟೇಲಿ ಕೂತಿದ್ನಲ್ಲ," ಎಂದಳು ಮೆಲ್ಲಗೆ. ಅವಳ ಕೈ ಬಲಗಡೆ ಪಕ್ಕೆಲುಬಿನ ಕೆಳಗಿತ್ತು.

ಡಾಕ್ಟರ ಕಣ್ಣು ಆ ಕೈಯ ಮೇಲೆ ಬಿತ್ತು. ಅಲ್ಲಿ ನೋವು ಬರುತ್ತಾ ಎಂದು ಕೇಳಿದರು. ಒಂದೊಂದು ಸಲ ಹಿಡಿದುಕೊಳ್ಳುತ್ತದೆ, ಶುಂಠಿ ಅಗಿದರೆ ಹೋಗುತ್ತದೆ ಎಂದಳು ಜಗದಾಂಬ. ಹಾಗಾದರೆ ಮಲಗಿ ಎಂದರು. ಪರದೆಯ ಮೇಲೆ ತುಂಬಿದ ಚೀಲ, ಚೀಲದ ತಳದಲ್ಲಿ ಒಳ್ಳೇ ಮೆಣಸಿನ ಕಾಳಿನ ಗಾತ್ರದ ಬಿಳಿಬಿಳಿ ಕಲ್ಲುಗಳು.

"ಇವಳು ತುಪ್ಪಾನೇ ಮುಟ್ಟಲ್ವಲ್ಲ ಮೇಡಂ," ಎಂದ ದೇವೀರಪ್ಪ. "ಇರೋದನ್ನೆಲ್ಲ ನಂಗೇ ಹಾಕ್ತಾಳೆ."

ತುಪ್ಪ ಒಂದೇ ಕಾರಣವಲ್ಲ ಎಂದರು ಡಾಕ್ಟರ್. ಅತಿಯಾದ ಜಿಡ್ಡೂ ಕಾರಣ, ಮೈತೂಕವೂ ಕಾರಣ, ಹೆಂಗಸರಿಗೆ ಹೆಚ್ಚು, ಮನೆತನದಲ್ಲಿದ್ದರೂ ಬರುತ್ತದೆ. "ಉಪವಾಸ ಮಾಡೋರಿಗೂ ಬರುತ್ತೆ. ಊಟ ಬಂದರೆ ಪಿತ್ತಕೋಶ ಪಿತ್ತ ಬಿಡುತ್ತೆ. ಊಟವೇ ಬರದೆ ಇದ್ರೆ ಅದು ಅಲ್ಲೇ ನಿಂತು ಗಟ್ಟಿಯಾಗುತ್ತೆ. ನೀವು ದಿನಾ ಎಷ್ಟು ಹೊತ್ತಿಗೆ ಊಟ ಮಾಡ್ತೀರಮ್ಮ?"

"ಇವ್ರು ಎಸ್ಟೇಟಿಂದ ಬಂದು ಉಂಡ ಮೇಲೆ."

ಎಸ್ಟೇಟಿನ ಸ್ಟೋರಿನಲ್ಲಿ ಹರಟೆ ಹೊಡೆಯುತ್ತಾ ಕೂತ ಮಧ್ಯಾಹ್ನಗಳೆಲ್ಲ ದೇವೀರಪ್ಪನ ಕಣ್ಣ ಮುಂದೆ ಬಂದವು. ತಾನು ಬರುವ ತನಕ ಇವಳು ಬಾಗಿಲು ನೋಡುತ್ತಾ ಕೂತಿರುತ್ತಿದ್ದಳು, ಮೇಲೆ ಸೋಮವಾರದ ಒಪ್ಪತ್ತು ಬೇರೆ. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಕಲ್ಲಿಗೆ ಏನು ಮಾಡಬೇಕೆಂದು ಸರ್ಜನ್ ನೋಡಿ ಹೇಳುತ್ತಾರೆ, ಅಲ್ಲಿವರೆಗೆ ಹೊತ್ತಿಗೆ ಸರಿಯಾಗಿ ಊಟ, ಸೊಪ್ಪು ತರಕಾರಿ ಹೆಚ್ಚು, ಜಿಡ್ಡು ಕಡಿಮೆ ಎಂದು ಹೇಳಿ ಡಾಕ್ಟರ್ ಕಳಿಸಿಕೊಟ್ಟರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊದಲ ಸಲ ಅವನು ಹೆಂಡತಿಯ ತಟ್ಟೆಯ ಮುಂದೆ ಕೂತ. ಅವಳು ಇಡ್ಲಿ ತಿನ್ನುತ್ತಿದ್ದಳು, ಇವನು ಅವಳ ಕೈಚೀಲ ಹಿಡಿದುಕೊಂಡು ನೀರು ಬಗ್ಗಿಸಿ ಕೊಡುತ್ತಿದ್ದ. ಇನ್ನು ಮೇಲೆ ಇಬ್ಬರೂ ಒಟ್ಟಿಗೇ ಉಣ್ಣೋಣ ಎಂದ. ಅವಳ ಕಣ್ಣು ಒದ್ದೆಯಾದದ್ದು ಕಂಡು ಧೈರ್ಯ ಬಂದು, ನಾಳೆ ಸ್ಕ್ಯಾನಿಗೆ ಜೊತೆಗೆ ಬರುತ್ತೀಯಲ್ಲ ಎಂದು ಕೇಳಿದ.

"ನಾಳೆ ನಾನೆಂಗೆ ಬರ್ಲಿ? ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂದವ್ರಲ್ಲ ಡಾಕ್ಟ್ರು. ಮಾನಸನ ಸೀಮಂತಕ್ಕೆ ಹೋಯ್ತೀನಿ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸುಲೋಚನಮ್ಮ. ಜಗದಾಂಬ ಇಡ್ಲಿ ನುಂಗಿ, ಸಂಜೆ ಬಂದು ತುಪ್ಪದ ಭರಣಿ ತಗೊಂಡು ಹೋಗಿ ಎಂದು ಹೇಳಿ ಫೋನಿಟ್ಟಳು.

"ಅಲ್ಲ ಕಣೆ, ನನ್ನ ಹೊಟ್ಟೇಲಿ ಕಲ್ಲೈತೆ ಅಂತ ಇನ್ನೂ ಯಾರೂ ಹೇಳಿಲ್ವಲ್ಲ," ಎಂದ ದೇವೀರಪ್ಪ.

"ಯಾರ ಹೊಟ್ಟೇಲಿ ಅಂತ ನಾನೂ ಹೇಳಿರ್ಲಿಲ್ವಲ್ಲ," ಎಂದು ಜಗದಾಂಬ ಇನ್ನೊಂದು ಪ್ಲೇಟ್ ಇಡ್ಲಿಗೆ ಹೇಳಿದಳು.