ಚಪ್ಪಾಳೆ ಮಾತ್ರ ಸಿಕ್ಕ ರೆಕಾರ್ಡಿಂಗ್

ಟೇಪಣ್ಣನಿಗೆ ಸಂಗೀತದ ಕಿವಿ ಇರಲಿಲ್ಲ.

ರೆಕಾರ್ಡಿಂಗ್ ಕಂಪನಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಕೆಟ್ಟುಹೋದ ಯಂತ್ರವನ್ನು ಹೊಡೆದೋ ಬಡಿದೋ ಸರಿಮಾಡುತ್ತಾನೆಂದು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಯಂತ್ರದ ಮುಳ್ಳು ಕೆಂಪು ಗೆರೆ ದಾಟದಿದ್ದರೆ ಹಾಡು ಚೆನ್ನಾಗಿದೆ, ದಾಟಿದರೆ ಕೆಟ್ಟಿದೆ. ಇಷ್ಟೇ ಅವನ ಸಂಗೀತಶಾಸ್ತ್ರ. ಇದರಲ್ಲೇ ವರ್ಷಗಟ್ಟಲೆ ತಳ್ಳಿದ್ದ, ಅಷ್ಟೂ ವರ್ಷ ಹಂಗಾಮಿಯಾಗಿಯೇ. ಹಂಗಾಮಿ ಸಂಬಳದಲ್ಲಿ ಬೇರೆ ಮನೆ ಮಾಡಲಾಗದೆ ಹೆಂಡತಿಯ ತವರಿನಲ್ಲಿ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಕೋಣೆಯಲ್ಲಿ ಮಲಗುತ್ತಿದ್ದ. ಬೆಳಗಾದರೆ ಬಚ್ಚಲಿಗೆ ಹೋಗುವವರೆಲ್ಲ ಅವನ ಕಾಲು ದಾಟಿಕೊಂಡೇ ಹೋಗಬೇಕು. ಹೆಂಡತಿ ತುಂಬಿದ ಬಸುರಿ. "ಮಗು ಬರೋ ಹೊತ್ತಿಗಾದ್ರೂ ಕಾಲು ಚಾಚೋಷ್ಟು ಜಾಗ ಮಾಡ್ಕೊಳ್ಳಿ ಅಳಿಯಂದ್ರೇ" ಎಂದು ಅತ್ತೆ ದಾಟುವಾಗಲೆಲ್ಲ ಹೇಳುತ್ತಿದ್ದರು.

ಆ ದಿನ ಬೆಳಗ್ಗೆ ಮ್ಯಾನೇಜರ್ ಅವನನ್ನು ಕರೆದರು.

"ನೋಡಯ್ಯಾ, ಮಧ್ಯಾಹ್ನ ನಮ್ಮ ಸಭಾಂಗಣದಲ್ಲಿ ಆ ದೊಡ್ಡ ಸಂಗೀತ ಸಂಯೋಜಕರ ಕಛೇರಿ. ಏನೋ ಹೊಸ ಥರದ ಸಂಗೀತವಂತೆ. ನಮಗೆ ಅರ್ಥ ಆಗ್ಬೇಕಾಗಿಲ್ಲ, ಟೇಪಿಗೆ ಬಂದ್ರೆ ಸಾಕು. ಸಂಜೆ ಅವರೇ ಕೂತು ಕೇಳ್ತಾರೆ. ಅವರು ಸರಿ ಅಂದ್ರೆ ನಾಳೆ ನೀನು ಕಾಯಂ."

"ಸರಿ ಅನ್ನದಿದ್ರೆ ಸಾರ್?"

"ಆಗ ನಿಮ್ಮತ್ತೆ ನಿನ್ನ ಕಾಲನ್ನ ಹಗಲೆಲ್ಲ ದಾಟ್ಕೊಂಡು ಓಡಾಡಬಹುದು."

ಟೇಪಣ್ಣ ಬಾಗಿಲ ಹತ್ತಿರ ಹೋದಾಗ ಮ್ಯಾನೇಜರ್ ಮತ್ತೆ ಕೂಗಿದರು. "ಇರೋದು ಒಂದೇ ಸುರುಳಿ. ಅವರು ಶ್ರುತಿ ಮಾಡ್ಕೊಳ್ಳೋದು, ಕೆಮ್ಮೋದು, ಕುರ್ಚಿ ಎಳೆಯೋದು ಎಲ್ಲ ತುಂಬ್ಕೊಂಡು ಬರ್ಬೇಡ. ಸಂಗೀತ ಶುರುವಾದ ಮೇಲೆ ಗುಂಡಿ ಒತ್ತು."

ಸಭಾಂಗಣದ ಹಿಂದೆ ಗಾಜಿನ ಕಿಂಡಿಯ ಪುಟ್ಟ ಕೋಣೆ. ಒಬ್ಬ ಕೂತು ಇನ್ನೊಬ್ಬ ನಿಂತರೆ ಉಸಿರಾಡಲು ಸರದಿ ಹಚ್ಚಬೇಕು. ಆದರೂ ಟೇಪಣ್ಣನ ಭವಿಷ್ಯ ಇವತ್ತು ತೀರ್ಮಾನವಾಗುತ್ತದೆಂದು ತಿಳಿದು ಮೂವರು ಒಳಗೆ ನುಗ್ಗಿದ್ದರು: ಸಭಾಂಗಣದ ಕಾವಲುಗಾರ, ಕಂಪನಿ ವ್ಯಾನಿನ ಡ್ರೈವರ್, ನೆಲ ಗುಡಿಸಿ ಒರೆಸುವ ಅಕ್ಕ.

ಪರದೆ ಎದ್ದಿತು. ವಾದ್ಯಗಾರರು ಬಂದು ಕುರ್ಚಿ ಎಳೆದುಕೊಂಡರು. ಪಿಟೀಲಿನವನೊಬ್ಬ ತಂತಿಯನ್ನು ಕುಯ್ಯೆನ್ನಿಸಿ, ಅದು ತನ್ನದಲ್ಲವೆಂಬಂತೆ ಪಕ್ಕದವನನ್ನು ನೋಡಿದ. ದೊಡ್ಡ ನಗಾರಿಯವನು ಅದನ್ನು ಉಗುರಿನಿಂದ ಕೆರೆದ. ಇನ್ನೊಬ್ಬ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ನೀರು ಸುರಿದ.

"ಮನೇಲೇ ತಯಾರಾಗಿ ಬರೋಕೇನು ಇವರಿಗೆ?" ಎಂದ ಡ್ರೈವರ್.

"ಸುರೀಲಿ, ಸುರೀಲಿ. ಚೆಲ್ಲಿದ್ರೆ ಒರೆಸೋಕೆ ನಾನಿದೀನಲ್ಲ, ಬಿಟ್ಟಿ ಸಿಕ್ಕಿದವಳು" ಎಂದಳು ಅಕ್ಕ.

ಟೇಪಣ್ಣ ಮೀನಿಗೆ ಕಾಯುವ ಕೊಕ್ಕರೆಯಂತೆ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. ವಾದ್ಯಗಾರರು ಮತ್ತೆ ಕುರ್ಚಿ ಎಳೆದರು, ಕೆಮ್ಮಿದರು, ಮತ್ತೆ ಕೆರೆದರು. ಒಮ್ಮೆ ತಡೆಯಲಾಗದೆ ಒತ್ತಿಯೇಬಿಡುತ್ತಿದ್ದ, ಅಷ್ಟರಲ್ಲಿ ಕಾವಲುಗಾರ ಕೈ ಹಿಡಿದುಕೊಂಡ.

"ದುಡುಕಬೇಡ ಮಾರಾಯ. ಹರೆಯದಿಂದ ಈ ಬಾಗಿಲಲ್ಲಿ ನಿಂತಿದೀನಿ. ಸಂಗೀತ ಶುರುವಾದ್ರೆ ನಂಗೆ ನಿದ್ದೆ ಬರುತ್ತೆ. ಇನ್ನೂ ಬಂದಿಲ್ಲ."

ಅನುಭವಸ್ಥರ ಮಾತು. ಟೇಪಣ್ಣ ಬೆರಳು ತೆಗೆದ.

ಕೊನೆಗೆ ವಾದ್ಯಗಾರರೆಲ್ಲ ಒಟ್ಟಿಗೆ ಕೈ ನಿಲ್ಲಿಸಿದರು. ಸಭಾಂಗಣ ನಿಶ್ಶಬ್ದವಾಯಿತು. "ಈಗ!" ಎಂದರು ಮೂವರೂ. ಟೇಪಣ್ಣ ಗುಂಡಿ ಒತ್ತಿದ.

ಚಪ್ಪಾಳೆ ಸಿಡಿಯಿತು. ಜನ ಎದ್ದುನಿಂತು ತಟ್ಟಿದರು. ಸಂಯೋಜಕರು ವೇದಿಕೆಗೆ ಬಂದು ಬಾಗಿ ನಮಸ್ಕರಿಸಿದರು. ನಿರೂಪಕಿ ಮೈಕಿನ ಮುಂದೆ ಬಂದು, "ಇದುವರೆಗೆ ನೀವು ಕೇಳಿದ್ದು 'ಸಿದ್ಧತೆ' ಎಂಬ ಕೃತಿ. ಇಲ್ಲಿಗೆ ಇಂದಿನ ಕಾರ್ಯಕ್ರಮ ಮುಗಿಯಿತು" ಎಂದಳು. ಪರದೆ ಬಿತ್ತು.

ಟೇಪಣ್ಣನ ಮುಖ ಸುಣ್ಣದ ಗೋಡೆಯಂತಾಯಿತು.

"ಮುಗೀತಾ? ಶುರುವಾಗಿದ್ದು ಯಾವಾಗ?"

"ನಂಗೆ ನಿದ್ದೆ ಬರಲೇ ಇಲ್ವಲ್ಲ" ಎಂದು ಕಾವಲುಗಾರ ನಿಜವಾಗಿಯೂ ನೊಂದುಕೊಂಡ.

ಸಂಯೋಜಕರೂ ಮ್ಯಾನೇಜರೂ ಊಟಕ್ಕೆ ಹೋದರು. ಜನ ಕರಗಿದರು. ಟೇಪಣ್ಣ ಖಾಲಿ ವೇದಿಕೆಯ ಅಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಕೂಸು ಹುಟ್ಟಿದ ಮೇಲೆ ಅತ್ತೆ ಕೂಸನ್ನೂ ದಾಟಿ ಬಚ್ಚಲಿಗೆ ಹೋಗುವ ಚಿತ್ರ ಅವನ ಕಣ್ಣ ಮುಂದೆ ಬಂತು.

"ಅಳ್ತಾ ಕೂತ್ರೆ ಆಗುತ್ತಾ?" ಡ್ರೈವರ್ ತೋಳು ಮಡಚಿದ. "ಅವರು ಮಾಡಿದ್ದಾದ್ರೂ ಏನು? ಕುರ್ಚಿ ಎಳೆದ್ರು, ನೀರು ಸುರಿದ್ರು, ಕೆಮ್ಮಿದ್ರು. ನಮ್ಮ ಕೈಲಾಗಲ್ವಾ? ನಗಾರಿ ಇಲ್ಲೇ ಇದೆ, ಪಿಯಾನೋ ಇಲ್ಲೇ ಇದೆ. ನೀನು ಹೋಗಿ ಗುಂಡಿ ಒತ್ತು."

"ಗೊತ್ತಾಗ್ಬಿಟ್ರೆ?"

"ಅದನ್ನ ಕೇಳಿ ಗುರುತು ಹಿಡಿಯೋ ಅಪ್ಪ ಯಾವನಿದಾನೆ?"

ಮುಳುಗುವವನಿಗೆ ಹುಲ್ಲುಕಡ್ಡಿ. ಟೇಪಣ್ಣ ಕೋಣೆಗೆ ಓಡಿದ.

ಡ್ರೈವರ್ ಗತ್ತಿನಿಂದ ಕುರ್ಚಿ ಎಳೆದ. ಅದರ ಕಾಲು ಮುರಿಯಿತು. ಅವನು ಅಂಗಾತ ಪಿಯಾನೋದ ಮೇಲೆ ಬಿದ್ದ, ಅದರ ಕಪ್ಪು ಬಿಳಿ ಮನೆಗಳೆಲ್ಲ ಒಟ್ಟಿಗೆ ಗೋಳಿಟ್ಟವು. ಗಾಜಿನ ಹಿಂದೆ ಮುಳ್ಳು ಕೆಂಪು ಗೆರೆ ದಾಟಿ ಆಚೆ ಹೋಗಿ ನಿಂತಿತು. ಅಕ್ಕ ನೀರು ಸುರಿದಳು, ಅರ್ಧ ಬಕೆಟ್ಟಿಗೆ, ಅರ್ಧ ಡ್ರೈವರಿಗೆ. ಅವನು ಸೀನಿದ. ಸೀನಿದವನು ಹೊಲಸು ಬೈಗುಳವೊಂದನ್ನು ಬಾಯಲ್ಲೇ ಅಗಿದು ನುಂಗಿದ. ಅಷ್ಟರಲ್ಲಿ ಪಕ್ಕದ ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಟೇಪಣ್ಣನ ಅತ್ತೆಯೇ ಇರಬೇಕು, ಎತ್ತುವವರೆಗೆ ಬಿಡುವ ಪೈಕಿ ಅಲ್ಲ. ಅಕ್ಕ ಓಡಿಹೋಗಿ ತಂತಿ ಕಿತ್ತಳು, ಬರುವಾಗ ಖಾಲಿ ಬಕೆಟ್ಟನ್ನು ಒದ್ದಳು. ಅದು ವೇದಿಕೆಯ ಉದ್ದಕ್ಕೂ ಉರುಳಿ ಮೆಟ್ಟಿಲಿಳಿಯಿತು.

ಕೊನೆಗೆ ನಗಾರಿ ಕೆರೆಯುವ ಸರದಿ ಕಾವಲುಗಾರನದು. ಕೆರೆದ, ಕೆರೆದ, ಮೆಲ್ಲಗೆ ಅದರ ಮೇಲೆ ತಲೆಯಿಟ್ಟ. ಗೊರಕೆ ಶುರುವಾಯಿತು. ಟೇಪ್ ಓಡುತ್ತಿತ್ತು, ಎಬ್ಬಿಸುವಂತಿಲ್ಲ. ನಗಾರಿಯೊಳಗೆ ಹೊಕ್ಕ ಆ ಗೊರಕೆ ಗುಹೆಯಲ್ಲಿ ಕರಡಿ ಮಗ್ಗುಲು ಬದಲಿಸಿದಂತೆ ಕೇಳುತ್ತಿತ್ತು. ಟೇಪ್ ಮುಗಿಯುವವರೆಗೂ ಟೇಪಣ್ಣ ಕಣ್ಣು ಮುಚ್ಚಿಕೊಂಡು ಕೂತ.

ಈಗ ಸುರುಳಿಯಲ್ಲಿ ಮೊದಲು ಚಪ್ಪಾಳೆ, ಆಮೇಲೆ ಸಂಗೀತ. ಬ್ಲೇಡಿನಿಂದ ಚಪ್ಪಾಳೆಯ ತುಂಡನ್ನು ಕತ್ತರಿಸಿ ಕೊನೆಗೆ ಅಂಟಿಸಿದ. ಅವಸರದಲ್ಲಿ ಬೆಸುಗೆ ಸ್ವಲ್ಪ ಸೊಟ್ಟಗಾಯಿತು.

ಸಂಜೆ ಸಂಯೋಜಕರು ಮ್ಯಾನೇಜರ್ ಕೋಣೆಗೆ ಬಂದು ಕೂತರು. ಟೇಪ್ ತಿರುಗಿತು. ಪಿಯಾನೋ ಗೋಳಿಟ್ಟಾಗ ಅವರು ಬೆಚ್ಚಿದರು. ಬಕೆಟ್ಟು ಮೆಟ್ಟಿಲಿಳಿದಾಗ ಕುರ್ಚಿಯ ತೋಳು ಬಿಗಿಹಿಡಿದರು. ಗೊರಕೆ ಬಂದಾಗ ಅವರ ಕಣ್ಣಲ್ಲಿ ನೀರು. ಚಪ್ಪಾಳೆಯೊಂದಿಗೆ ಟೇಪ್ ಮುಗಿಯಿತು.

"ಇದು ನನ್ನ ವಾದ್ಯಗಾರರು ನುಡಿಸಿದ್ದಲ್ಲ" ಎಂದರು ಸಂಯೋಜಕರು.

ಮ್ಯಾನೇಜರ್ ನಿಧಾನವಾಗಿ ಟೇಪಣ್ಣನ ಕಡೆ ತಿರುಗಿದರು.

"ತಿಂಗಳುಗಟ್ಟಲೆ ಹೇಳ್ಕೊಟ್ಟೆ ಆ ಜನಕ್ಕೆ" ಸಂಯೋಜಕರ ದನಿ ಒಡೆಯಿತು. "ಕುರ್ಚಿ ಎಳೀರಿ ಅಂದ್ರೆ ಕುರ್ಚಿ ನುಡಿಸ್ತಾರೆ! ಇಲ್ಲಿ ಯಾರೋ ನಿಜವಾಗ್ಲೂ ಬಿದ್ದಿದಾರೆ. ಯಾರೋ ನಿಜವಾಗ್ಲೂ ನಿದ್ದೆ ಮಾಡಿದಾರೆ. ಯಾರವರು? ಕರೀರಿ!"

ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಮೂವರು, ಬಾಗಿಲು ತೆರೆದ ಕೂಡಲೇ ಒಳಗೆ ಬಿದ್ದರು.

"ಬೀಳೋದು ನೋಡಿ!" ಸಂಯೋಜಕರು ಡ್ರೈವರನ್ನು ಎತ್ತಿ ತಬ್ಬಿಕೊಂಡರು. "ಮುಂದಿನ ವಾರ ನನ್ನ ಪ್ರವಾಸ ಹೊರಡುತ್ತೆ. ದೇಶ ದೇಶ ಸುತ್ತಬೇಕು. ನೀವು ಮೂರೂ ಜನ ನನ್ನ ಜೊತೆ."

"ಅಲ್ಲೂ ಚೆಲ್ಲಿದ ನೀರು ನಾನೇ ಒರೆಸ್ಬೇಕಾ?" ಅಕ್ಕ ಕೇಳಿದಳು.

"ಇಲ್ಲಮ್ಮಾ, ನೀವು ಬರೀ ಚೆಲ್ಲೋದು."

"ಹಂಗಾದ್ರೆ ನಾನು ತಯಾರು."

ಟೇಪಣ್ಣ ಆಸೆಯಿಂದ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ನಾನೂ ಇದ್ದೆ."

"ಹೌದಾ! ನಿಮ್ಮ ಸದ್ದು ಯಾವುದು?"

"ನಾನು... ಟೇಪು ಕತ್ತರಿಸಿ ಅಂಟಿಸಿದ್ದು."

"ಓ. ಚಪ್ಪಾಳೆಗೆ ಮುಂಚೆ ಒಂದು 'ಟಕ್' ಬರುತ್ತಲ್ಲ, ಅದಾ?" ಸಂಯೋಜಕರ ಮುಖ ಹಾಗಲಕಾಯಿ ಜಗಿದಂತಾಯಿತು. "ಇಡೀ ಕೃತಿಯಲ್ಲಿ ಅಪಸ್ವರ ಅದೊಂದೇ."

ಅವರು ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂವರನ್ನೂ ಕರೆದುಕೊಂಡು ಹೊರಟುಹೋದರು. ಡ್ರೈವರ್ ವ್ಯಾನಿನ ಕೀಲಿಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟ. ಕಾವಲುಗಾರ ಟೇಪಣ್ಣನ ಬೆನ್ನು ತಟ್ಟಿ, "ಹೋಗ್ಬರ್ತೀನಪ್ಪಾ, ಮೈ ಹುಷಾರು" ಎಂದ.

"ಸಾರ್," ಟೇಪಣ್ಣ ಗಂಟಲು ಸರಿಮಾಡಿಕೊಂಡ, "ಅವರಿಗೆ ಇಷ್ಟ ಆಯ್ತಲ್ಲ... ಕಾಯಂ ವಿಷಯ..."

"ನಾಳೆ ಬಾಗಿಲು ತೆಗೆಯೋರು ಯಾರು? ವ್ಯಾನು ಓಡಿಸೋರು ಯಾರು? ಆ ನೀರು ಒರೆಸೋರು ಯಾರು?" ಮ್ಯಾನೇಜರ್ ಕೀಲಿಯನ್ನು ಡ್ರಾಯರಿಗೆ ಎಸೆದರು. "ಮೂರು ಜನರನ್ನ ಒಂದೇ ಮಧ್ಯಾಹ್ನದಲ್ಲಿ ಕಳೆದವನನ್ನ ಇಟ್ಕೊಂಡ್ರೆ ನಾಳೆ ನನ್ನನ್ನೂ ಕಳೀತೀಯ. ನಡಿ, ನಾಳೆಯಿಂದ ಬರ್ಬೇಡ."

ಆ ದಿನ ಒಟ್ಟು ಹೋದದ್ದು: ಒಂದು ಕುರ್ಚಿ, ಒಂದು ಸುರುಳಿ ಟೇಪು, ಮೂವರು ನೌಕರರು, ಒಂದು ಹಂಗಾಮಿ ಕೆಲಸ.